ಮ್ಯಾನೇಜರನ್ನು ಅಣಕಿಸಿದವಳು

ಕ್ಷಮಾಪಣೆ ಪತ್ರ ಟೈಪಾಗಿ ಮೇಜಿನ ಮೇಲಿತ್ತು. ಸಂಜೆ ಐದರೊಳಗೆ ಸಹಿ ಬೀಳದಿದ್ದರೆ ಹನ್ನೊಂದು ವರ್ಷದ ಕೆಲಸ ಹೋಗುತ್ತಿತ್ತು. ಕಾಲರ್ ಹೊಲಿಯುವವಳು ಮಾತ್ರ ಜಪ್ಪಯ್ಯ ಅಂದರೂ ಪೆನ್ನು ಮುಟ್ಟಲಿಲ್ಲ.

ಆರೋಪ ಸರಳ. ಮಾತಿನ ನಡುವೆ ತುಟಿ ಚಪ್ಪರಿಸಿ, ನಾಲಿಗೆಯ ತುದಿ ಹೊರಹಾಕಿ ಒಳಗೆಳೆದುಕೊಳ್ಳುವುದು ಗಾರ್ಮೆಂಟ್ಸ್ ಮ್ಯಾನೇಜರರ ಚಾಳಿ. ಇಡೀ ಕಾರ್ಖಾನೆ ಅದನ್ನು ನೋಡಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇವಳು ಕಟ್ಟಿಬಿಟ್ಟಳು. ಕಾಲರ್ ಸೊಟ್ಟಗಿದೆ ಎಂದು ಅವರು ಬೈಯುತ್ತಿದ್ದಾಗ ಅವರ ಮುಖಕ್ಕೇ ಅದೇ ಚಪ್ಪರಿಕೆ, ಅದೇ ನಾಲಿಗೆ. ಹೊಲಿಗೆ ಯಂತ್ರಗಳ ಹಿಂದೆ ಎಲ್ಲರೂ ಕಿಸಕ್ಕನೆ ನಕ್ಕರು.

"ನಾನು ಯಾರನ್ನೂ ಅಣಕಿಸಿಲ್ಲ," ಎಂದಳು ಕಡ್ಡಿ ಮುರಿದಂತೆ. "ಮಾಡದ ತಪ್ಪಿಗೆ ಸಹಿ ಹಾಕಲ್ಲ."

ಹೇಳಿ ಮುಗಿಸಿದವಳೇ ತುಟಿ ಚಪ್ಪರಿಸಿ ನಾಲಿಗೆ ತೋರಿಸಿದಳು. ಅದನ್ನು ಕೊಬ್ಬು ಎನ್ನದೆ ಇನ್ನೇನೆನ್ನಬೇಕು?

ಮ್ಯಾನೇಜರ್ ಕೆಂಡಾಮಂಡಲವಾದರು. ಕಾಯಿಲೆಯ ನೆಪ ಹೇಳದಿರಲೆಂದು ಕಾರ್ಖಾನೆಯ ನರ್ಸನ್ನೂ ಕರೆಸಿದ್ದರು. ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿದ್ದ ನರ್ಸ್ ಹೊಲಿಗೆಯವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳಿದಳು.

ಹೊಲಿಗೆಯವಳು ಮುಚ್ಚಿಡಲಿಲ್ಲ. ಹೊಟ್ಟೆ ತೊಳಸುತ್ತಿದೆ, ಡಾಕ್ಟರ ಬಳಿ ಹೋಗಲು ರಜೆ ಬೇಕು ಎಂದರೆ, ನರ್ಸ್ ರೂಮಿನ ಡಬ್ಬಿಯಿಂದ ವಾಂತಿಯ ಮಾತ್ರೆ ಕೊಟ್ಟು ಯಂತ್ರಕ್ಕೆ ವಾಪಸು ಕಳಿಸುವುದು ಅಲ್ಲಿನ ಪದ್ಧತಿ. ಆ ಪದ್ಧತಿ ತಂದವರು ಮ್ಯಾನೇಜರೇ. ಇವಳು ದಿನಕ್ಕೆ ಮೂರರಂತೆ ಐದು ತಿಂಗಳು ನುಂಗಿದ್ದಳು.

"ಅದು ಚೀಟಿ ಇಲ್ಲದೆ ಕೊಡೋ ಮಾತ್ರೆ ಅಲ್ಲ," ಎಂದಳು ನರ್ಸ್. "ಡಾಕ್ಟರು ಕೆಲವೇ ದಿನಕ್ಕೆ ಬರೀತಾರೆ. ತಿಂಗಳುಗಟ್ಟಲೆ ನುಂಗಿದ್ರೆ ತುಟಿ, ನಾಲಿಗೆ ತಾವಾಗೇ ಆಡೋಕೆ ಶುರುವಾಗಬಹುದು. ಕೆಲವರಿಗೆ ಅದು ಹಾಗೇ ಉಳಿದುಬಿಡುತ್ತೆ. ಇವತ್ತೇ ಡಾಕ್ಟರಿಗೆ ತೋರಿಸಬೇಕು."

ಹೊಲಿಗೆಯವಳಿಗೆ ಭಯವಾಯಿತು. ಆದರೂ ಕುರ್ಚಿ ಎಳೆದುಕೊಂಡು, ಯಾರೂ ಹೇಳದೆಯೇ, ಮ್ಯಾನೇಜರರ ಎದುರು ಕೂತಳು.

ಇದೆಲ್ಲ ಕಟ್ಟುಕಥೆ ಎಂದು ಮ್ಯಾನೇಜರ್ ಮೇಜು ಗುದ್ದಿದರು. ಡಬ್ಬಿಯ ಮಾತ್ರೆ ನುಂಗದವರು ಇಲ್ಲಿ ಯಾರಿದ್ದಾರೆ, ಬೇರೆ ಯಾರಿಗೂ ಆಗದ್ದು ಇವಳೊಬ್ಬಳಿಗೇ ಹೇಗಾಯಿತು ಎಂದು ಕೇಳಿದರು.

"ಯಾರ್ಯಾರಿಗೆ ಮಾತ್ರೆ ಕೊಟ್ಟಿದೆ ಅಂತ ಬರೆದಿಟ್ಟ ಪುಸ್ತಕ ಪೂರ್ತಿ ನೋಡಿದೀನಿ ಸಾರ್," ಎಂದಳು ನರ್ಸ್. "ತಿಂಗಳುಗಟ್ಟಲೆ ಬಿಡದೆ ತಗೊಂಡಿರೋರು ಇಬ್ಬರೇ. ಇನ್ನೊಬ್ಬರು ನೀವು."