ತುಟಿಗೆ ಹೊಂದದ ಮಾತು

ಹನ್ನೊಂದು ವರ್ಷದಿಂದ ತೆಲುಗು, ತಮಿಳು ಎರಡೂ ಸಿನಿಮಾಗಳಲ್ಲಿ ಒಬ್ಬ ನಾಯಕಿಗೆ ದನಿ ಕೊಡುತ್ತಿರುವವಳು ನಾನು. ಪ್ರಶಸ್ತಿ ಅವಳಿಗೆ, ಹಾರ ಅವಳಿಗೆ. ಅಭಿಮಾನಿಗಳು 'ಜೇನಿನಂಥ ಮಾತು' ಎಂದರೆ ನಾಚಿಕೊಳ್ಳುವವಳೂ ಅವಳೇ. ಒಮ್ಮೆಯಾದರೂ ನನ್ನ ಹೆಸರೆತ್ತಿದವಳಲ್ಲ.

ಅಂದು ಚೆನ್ನೈನ ಸ್ಟುಡಿಯೋದಲ್ಲಿ, ಅವಳು ಮಳೆಯಲ್ಲಿ ನಿಂತು ದೇವರ ಮುಂದೆ ಅಳುವ ದೃಶ್ಯಕ್ಕೆ ಡಬ್ಬಿಂಗ್. ಶೂಟಿಂಗಿನಲ್ಲಿ ನೀರು ಸುರಿಯುವ ಸದ್ದಿಗೆ ಅವಳ ಮಾತು ದಾಖಲಾಗಿರಲಿಲ್ಲ. ತೆರೆಯ ಮೇಲೆ ತುಟಿಯಷ್ಟೇ ಅಲ್ಲಾಡುತ್ತಿತ್ತು.

"ಮೇಡಂ, ನಿಮ್ಮ ಡೈಲಾಗು ಅವರ ತುಟಿಗೆ ಹೊಂದ್ತಾನೇ ಇಲ್ಲ," ಎಂದ ಸೌಂಡ್ ಇಂಜಿನಿಯರ್.

"ಹೇಗೆ ಹೊಂದತ್ತೆ? ಅವಳಿಗೆಲ್ಲಿ ತಮಿಳು ಬರತ್ತೆ? ನಮ್ಮ ಮಂಡ್ಯದ ಕಡೆಯೋಳು. ಡೈಲಾಗಿನ ಬದಲು ಒಂದು, ಎರಡು, ಮೂರು ಅಂತ ಎಣಿಸ್ಕೊಂಡು ಅತ್ತಿರ್ತಾಳೆ. ಆ ಮುಖ ನನಗಿದ್ದಿದ್ರೆ ಇವಳನ್ನ ಯಾರು ಕೇಳ್ತಿದ್ರು?"

"ಎಣಿಸೋ ಹಾಗೆ ಕಾಣಲ್ಲ ಮೇಡಂ. ಇನ್ನೊಂದ್ಸಲ ಹಾಕ್ತೀನಿ, ನೋಡಿ."

ನಾಲ್ಕನೇ ಸಲಕ್ಕೆ ಗೊತ್ತಾಯಿತು, ಅದು ಕನ್ನಡ. ಅವಳ ತುಟಿಯನ್ನೇ ನೋಡುತ್ತ ಒಂದೊಂದೇ ಪದ ಮೈಕಿನ ಮುಂದೆ ಹೇಳುತ್ತ ಹೋದೆ. ಈ ಬಾರಿ ಪೂರ್ತಿ ಹೊಂದಿತು:

"ದೇವ್ರೇ, ಆ ಡಬ್ಬಿಂಗ್ ಅಕ್ಕನ ದನಿ ನನಗೆ ಕೊಡಪ್ಪಾ. ಬೇಕಾದ್ರೆ ಈ ಮುಖ ಅವ್ರಿಗೇ ಕೊಟ್ಬಿಡು."