ದಿನಕ್ಕೊಂದು ಚೀಲ

ತೊಳೆದು ಒಣಗಿಸಿದ ಹಾಲಿನ ಕವರು, ಮುರಿದ ಕೊಡೆ, ಖಾಲಿ ಡಬ್ಬ. ಅತ್ತೆಯ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊಸೆ ನಳಿನಿ ಒಂದನ್ನು ಮುಟ್ಟಿದರೂ ಊಟ ಬಿಟ್ಟು ಕೂರುತ್ತಿದ್ದರು. ಅದೇ ಎದುರುಮನೆ ವಾರಿಜಕ್ಕ ಬಂದರೆ ಸಾಕು, ದಿನಕ್ಕೊಂದು ಚೀಲ ತುಂಬಿ ನಗುನಗುತ್ತಾ ಕೊಡುತ್ತಿದ್ದರು. ಕೋಣೆ ಅರ್ಧ ಖಾಲಿಯಾದರೂ ನಳಿನಿಯ ಹೊಟ್ಟೆಯುರಿ ಆರಲಿಲ್ಲ. ಹನ್ನೆರಡು ವರ್ಷ ಸೇವೆ ಮಾಡಿದವಳು ತಾನು. ಅತ್ತೆಯ ನಂಬಿಕೆಯೆಲ್ಲ ಎದುರುಮನೆಯವಳ ಮೇಲೆ.

ಒಂದು ಮಧ್ಯಾಹ್ನ ಹೋಗಿ ಬಾಗಿಲು ಬಡಿದಳು. ಸಂದಿಯಲ್ಲಿ ವಾರಿಜಕ್ಕನ ಮುಖ ಕಂಡಿತು.

"ನಂಗೆ ಕೊಡದೇ ಇರೋದನ್ನ ನಿಮಗೆ ಕೊಡ್ತಾರಲ್ಲ, ಅದೇನು ಮೋಡಿ ಮಾಡಿದೀರಿ?"

"ನೀನು ಗುಜರಿಗೆ ಹಾಕಿಬಿಡ್ತೀಯ ಅಂತ ಅವರಿಗೆ ಭಯ ಕಣೆ."

"ಮತ್ತೆ ನೀವು?"

"ಬಾ, ನೀನೇ ನೋಡು" ಎಂದು ವಾರಿಜಕ್ಕ ಬಾಗಿಲೆಳೆದರು. ಒಳಗೆ ಸೂರು ಮುಟ್ಟಿದ ಚೀಲಗಳ ರಾಶಿ ಅಡ್ಡವಾಗಿ, ಅದು ಒಂದು ಗೇಣಿಗಿಂತ ಹೆಚ್ಚು ತೆರೆಯಲಿಲ್ಲ.