ಮೇಲಿನಿಂದ ಮೂರನೆಯ ಮೆಟ್ಟಿಲು

"ಬಿಡಿ ಸರ್, ಕೈ ಬಿಡಿ! ಅವರೇ ಬರ್ತಾರೆ!" ಎಂದು ಥೆರಪಿಸ್ಟ್ ಹುಡುಗಿ ನೀರಿನೊಳಗಿಂದ ಕೂಗುವಷ್ಟರಲ್ಲಿ ಗಂಡ ಮಹಾಶಯ ಕೊಳದ ಅಂಚಿಗೆ ಬಗ್ಗಿ, ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿದ್ದ ಹೆಂಡತಿಯ ರಟ್ಟೆಗೆ ಕೈ ಹಾಕಿ, ಬಾವಿಯಿಂದ ಕೊಡ ಸೇದಿದಂತೆ ಸೇದಿ ದಡಕ್ಕೆ ನಿಲ್ಲಿಸಿಯಾಗಿತ್ತು. ನಿಲ್ಲಿಸಿದ್ದಷ್ಟೇ ಅಲ್ಲ, ಯಾರು ಯಾರು ನೋಡಿದರೆಂದು ಸುತ್ತ ಒಮ್ಮೆ ಕಣ್ಣಾಡಿಸಿದ್ದೂ ಆಗಿತ್ತು.

ಸೊಂಟ, ಮಂಡಿ ಕೆಟ್ಟವರು ಬೆಚ್ಚನೆಯ ನೀರಿನಲ್ಲಿ ಓಡಾಡಿ ಮತ್ತೆ ನಡಿಗೆ ಕಲಿಯುವ ಕೊಳ ಅದು. ಅಲ್ಲಿಗೆ ಬರುವ ಹೆಂಗಸರು ಬೆನ್ನ ಹಿಂದೆ ಈತನಿಗಿಟ್ಟ ಹೆಸರು ಊರುಗೋಲು. ಹೆಂಡತಿಯ ಸೊಂಟದ ಮೂಳೆ ಮುರಿದು ಆಪರೇಷನ್ ಆದಂದಿನಿಂದ ಆಕೆ ಎದ್ದರೆ ಈತನ ಕೈ, ಕೂತರೆ ಈತನ ಕೈ. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣ್ರೀ" ಎಂದು ಯಾರಾದರೂ ಅಂದರೆ ಸಾಕು, ಪುಣ್ಯಾತ್ಮ ಉಬ್ಬಿಹೋಗುತ್ತಿದ್ದ. ವರ್ಷಗಟ್ಟಲೆ ಆಕೆ ಹೊಲಿಗೆ ಯಂತ್ರ ತುಳಿದು ಸಂಸಾರ ತೂಗಿಸಿದಾಗ ಈತನನ್ನು ಯಾರೂ ಹೊಗಳಿರಲಿಲ್ಲ. ಹೊಗಳುವಂಥದ್ದು ಏನಾದರೂ ಇದ್ದರೆ ತಾನೇ! ಈಗ ಆಕೆ ಬಿದ್ದದ್ದರಿಂದ ಪುಕ್ಕಟೆ ಕೀರ್ತಿ ಸಿಕ್ಕಿದೆ. ಅದನ್ನು ಬಿಟ್ಟಾನೆಯೇ?

ಆಕೆಯ ಹೊಲಿಗೆ ಅಂಗಡಿ ಬೀದಿಯ ತುದಿಯಲ್ಲಿ ಬೀಗ ಜಡಿಸಿಕೊಂಡು ಕೂತಿತ್ತು. ಅಂಗಡಿಗೆ ಹೋಗಬೇಕೆಂದರೆ ಮೆಟ್ಟಿಲು ಹತ್ತಬೇಕು. "ಅದೆಲ್ಲ ಆಗದ ಹೋಗದ ಮಾತು" ಎಂದು ಊರುಗೋಲು ಅದನ್ನು ಮೊಬೈಲ್ ರಿಪೇರಿಯವನೊಬ್ಬನಿಗೆ ಬಿಟ್ಟುಕೊಡಲು ಒಪ್ಪಿಬಂದಿದ್ದ. ಇವತ್ತು ಸಂಜೆಯೇ ಕೀಲಿ ಕೊಡುವುದೆಂದು ಮಾತಾಗಿತ್ತು. ಆಕೆಯನ್ನು ಕೇಳಲಿಲ್ಲವೇ? ಅಯ್ಯೋ, ಕೇಳಿದ್ದ. "ನೀನಾಗಿ ಮೆಟ್ಟಿಲು ಹತ್ತಿ ತೋರಿಸು, ಕೊಡಲ್ಲ ಅಂದ್ಬಿಡ್ತೀನಿ" ಎಂದಿದ್ದ. ಹತ್ತಲು ಬಿಟ್ಟರೆ ತಾನೇ ತೋರಿಸುವುದು!

"ದಿನಾ ಇದೇ ಆಯ್ತು ಸರ್," ಎಂದಳು ಹುಡುಗಿ. "ನಾವು ಇಲ್ಲಿ ಮಾಡಿಸಿದ್ದನ್ನೆಲ್ಲ ನೀವು ಕೊನೇಲಿ ಬಂದು ಕೆಡಿಸ್ತೀರ."

"ನಾನಾ? ನೋಡಮ್ಮಾ, ಬಂದಾಗಿನಿಂದ ನೋಡ್ತಾನೇ ಇದೀನಿ. ನೀರಲ್ಲಿ ಇವಳು ಮೀನಿನ ಥರ ಓಡಾಡ್ತಾಳೆ, ಮೇಲೆ ಬಂದ್ರೆ ಮತ್ತೆ ನನ್ನ ಕೈಯೇ ಗತಿ. ಇದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

"ಎದೆಮಟ್ಟ ನೀರಲ್ಲಿ ಮೈಭಾರ ಮುಕ್ಕಾಲು ಪಾಲು ನೀರೇ ಹೊರುತ್ತೆ ಸರ್. ಅದಕ್ಕೇ ಕಾಲು ನೋವಿಲ್ಲದೆ ನಡೆಯೋದು ಕಲಿಯುತ್ತೆ. ಒಂದೊಂದು ಮೆಟ್ಟಿಲು ಹತ್ತಿದ ಹಾಗೂ ಆ ಭಾರ ಸ್ವಲ್ಪ ಸ್ವಲ್ಪ ಕಾಲಿಗೆ ವಾಪಸ್ ಬರುತ್ತೆ. ಸರಿಯಾಗಿ ಭಾರ ಬೀಳೋ ಜಾಗದಲ್ಲೇ ನೀವು ಎಳೆದು ಎತ್ತಿಬಿಟ್ರೆ, ಕಾಲು ಅದನ್ನ ಹೊರೋದು ಯಾವಾಗ ಕಲೀಬೇಕು?"

"ಬಿದ್ರೆ?"

"ಹಿಂದೆ ನಾನಿರ್ತೀನಿ. ಪಕ್ಕದಲ್ಲಿ ಕಂಬಿ ಇದೆ."

ಊರುಗೋಲು ನಕ್ಕ. "ನಮ್ಮ ಮನೆಯವಳ ಕಷ್ಟ ನಂಗೆ ಗೊತ್ತಾಗುತ್ತೋ, ನಿಂಗೆ ಗೊತ್ತಾಗುತ್ತೋ? ನಡಿಯೇ, ಮೈ ಒರೆಸ್ಕೋ. ಸಂಜೆ ಆ ಹುಡುಗನಿಗೆ ಕೀಲಿ ಬೇರೆ ಕೊಡ್ಬೇಕು."

"ಇನ್ನೊಂದ್ಸಲ ಇಳೀತೀನಿ," ಎಂದಳು ಹೆಂಡತಿ.

"ಯಾಕೆ ಸುಮ್ನೆ?"

"ನೀವು ಹೋಗಿ ಆ ಬೆಂಚ್ ಮೇಲೆ ಕೂತ್ಕೊಳ್ಳಿ ರೀ."

ಕೂರುತ್ತಾನೆಯೇ? ಬೆಂಚಿನ ಮೇಲೆ ಕೂತ ಗಂಡನನ್ನು ಯಾರು ನೋಡುತ್ತಾರೆ! ಅಂಚಿನಲ್ಲೇ ಪ್ಯಾಂಟು ಮಡಚಿಕೊಂಡು ನಿಂತ. ಆಕೆ ಕಂಬಿ ಹಿಡಿದು ಇಳಿದಳು. ನೀರು ಎದೆಗೆ ಬಂದದ್ದೇ ತಡ, ಬಿಗಿದುಕೊಂಡಿದ್ದ ಭುಜ ಸಡಿಲವಾಯಿತು. ಆಚೆ ಗೋಡೆಯವರೆಗೆ ನಡೆದಳು, ತಿರುಗಿ ಈಚೆಗೆ ನಡೆದಳು, ಯಾರನ್ನೂ ಹಿಡಿಯಲಿಲ್ಲ. ಆಮೇಲೆ ಮೆಟ್ಟಿಲಿಗೆ ಬಂದಳು. "ಗಟ್ಟಿ ಕಾಲು ಮೊದಲು ಅಮ್ಮ, ಆತುರ ಬೇಡ," ಎಂದು ಹುಡುಗಿ ಹಿಂದೆ ನಿಂತಳು.

ನೀರು ಸೊಂಟಕ್ಕೆ ಇಳಿಯಿತು, ತೊಡೆಗೆ ಇಳಿಯಿತು. ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ಆಕೆ ನಿಂತಳು. ಇನ್ನು ಗಟ್ಟಿ ಕಾಲನ್ನು ಎತ್ತಬೇಕು. ಎತ್ತಿದಷ್ಟು ಹೊತ್ತು ಭಾರವೆಲ್ಲ ಆಪರೇಷನ್ ಆದ ಕಾಲಿನ ಮೇಲೆ. ಆ ಕಾಲು ನಡುಗತೊಡಗಿತು.

"ನೋಡಿ, ನೋಡಿ! ನಡುಗ್ತಿದೆ! ನಾನು ಹೇಳ್ಲಿಲ್ವಾ?" ಎಂದು ಊರುಗೋಲು ಬಗ್ಗಿದ. ಆ ದನಿಯಲ್ಲಿ ಮರುಕವಿತ್ತು ಎಂದರೆ ಬಾಯಲ್ಲಿ ಹುಳ ಬಿದ್ದೀತು. ಇದ್ದದ್ದು ಬರೀ ಸಡಗರ. "ಹಿಡ್ಕೋ," ಎಂದು ಕೈ ಚಾಚಿದ. ಆಕೆ ಹಿಡಿಯಲಿಲ್ಲ. "ಹಿಡ್ಕೋ ಅಂದ್ನಲ್ಲ! ನಾನಿದ್ದೂ ನೀನು ಹೀಗೆ ಒದ್ದಾಡಿದ್ರೆ ನೋಡಿದವರು ಏನಂದ್ಕೊಳ್ತಾರೆ?"

ಆಕೆ ತಲೆ ಎತ್ತಿ ಗಂಡನ ಮುಖವನ್ನು ನೋಡಿದಳು. ಇಷ್ಟು ದಿನ ಮೆಟ್ಟಿಲು ನೋಡಿಕೊಂಡೇ ಹತ್ತುತ್ತಿದ್ದವಳು ಆ ಮುಖವನ್ನು ಸರಿಯಾಗಿ ನೋಡಿದ್ದು ಇವತ್ತೇ ಇರಬೇಕು. ಕಂಬಿ ಬಿಗಿಯಾಗಿ ಹಿಡಿದು ಗಟ್ಟಿ ಕಾಲನ್ನು ಎತ್ತಿದಳು. ಹಲ್ಲು ಕಚ್ಚಿದಳು. ನಡುಗುತ್ತಲೇ ಇನ್ನೊಂದು ಕಾಲು ಆಕೆಯನ್ನು ಹೊತ್ತುಕೊಂಡಿತು. ಇನ್ನೊಂದು ಮೆಟ್ಟಿಲು. ಆಮೇಲೆ ದಡ. ಕೊಳದೊಳಗೆ ಕೈಕಾಲು ಆಡಿಸುತ್ತಿದ್ದ ಹೆಂಗಸರೆಲ್ಲ ಆಡಿಸುವುದನ್ನು ಮರೆತು ನಿಂತಿದ್ದರು.

ಊರುಗೋಲು ಚಾಚಿದ ಕೈಯನ್ನು ಇನ್ನೂ ಚಾಚಿಕೊಂಡೇ ಇದ್ದ. ಆಕೆ ತಲೆಯ ರಬ್ಬರ್ ಟೋಪಿಯನ್ನು ಕಿತ್ತು, ನೀರು ತೊಟ್ಟಿಕ್ಕುತ್ತಿರುವಂತೆಯೇ ಆ ಅಂಗೈಯಲ್ಲಿಟ್ಟಳು.

"ಏನಾದ್ರೂ ಹಿಡ್ಕೊಂಡೇ ಇರಬೇಕು ಅಂತಿದ್ರೆ, ಇದನ್ನ ಹಿಡ್ಕೊಳ್ಳಿ."